ಯಾವ ಕಲಮೂ ಇಲ್ಲದ ತಪ್ಪು

ಸಿಂಹದ ಬಾಯಲ್ಲಿ ಧಾರವಾಡದ ಕನ್ನಡ ಆಡಿಸಿದ ಮನುಷ್ಯ ನಮ್ಮ ಮಾಸ್ತರರೊಬ್ಬರೇ ಇರಬೇಕು.

ಗೋವಾದ ವಾಸ್ಕೋದಲ್ಲಿ ನಾವಿದ್ದ ಕಟ್ಟಡದ ಕೆಳಗಿನ ಮನೆ ಅವರದು. ಸಡಾ ಗುಡ್ಡದ ಮೇಲಿನ ಒಂದು ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಹೆಂಡತಿ ಬಹಳ ಹಿಂದೆಯೇ ತೀರಿಕೊಂಡಿದ್ದರು, ಮಗಳು ಬೆಳಗಾವಿಯಲ್ಲಿ. ಬಂದರಿನ ಕೂಲಿಗಳ, ಗೌಂಡಿಗಳ, ಕಾರ್ಖಾನೆಯ ದಿನಗೂಲಿಯವರ ಮಕ್ಕಳು ಆ ಶಾಲೆಗೆ ಬರುತ್ತಿದ್ದರು. ಒಮ್ಮೆ ಅಲ್ಲಿ ಮಕ್ಕಳಿಗೆ ಕಾನೂನು ತಿಳಿವಳಿಕೆಯ ಭಾಷಣ ಮಾಡಲು ನನ್ನನ್ನು ಕರೆದಿದ್ದರು. ನನ್ನ ಸರದಿ ಬರುವವರೆಗೆ ಮಾಸ್ತರರ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ.

ಕಿಟಕಿಗಳಿಗೆಲ್ಲ ಬಂದರಿನಿಂದ ತಂದ ಕಪ್ಪು ತಾಡಪತ್ರಿ ಕಟ್ಟಿದ್ದರು. ಒಳಗೆ ಕಗ್ಗತ್ತಲು. ಮಾಸ್ತರರು ತಾವೇ ಸುಣ್ಣ ಬಳಿದಿದ್ದ ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಬಿದ್ದ ಆಫ್ರಿಕಾದ ಹುಲ್ಲುಗಾವಲು. ಸಾಕ್ಷ್ಯಚಿತ್ರದ ಇಂಗ್ಲಿಷ್ ವಿವರಣೆ ಮಕ್ಕಳಿಗೆ ತಿಳಿಯುತ್ತಿರಲಿಲ್ಲ. ಹಾಗಾಗಿ ಅವರು ದನಿ ಪೂರ್ತಿ ಬಂದ್ ಮಾಡಿ ತಾವೇ ಹೇಳುತ್ತಿದ್ದರು. ಮರದ ನೆರಳಲ್ಲಿ ಮಲಗಿದ್ದ ಗಂಡು ಸಿಂಹ ಆಕಳಿಸಿತು. "ಏ ಇಕಿನ, ಅಡಗಿ ಆತೇನ? ನನಗ ಹೊಟ್ಟಿ ಹಸದೈತಿ," ಅಂದರು ಮಾಸ್ತರರು ಗೊಗ್ಗರು ದನಿಯಲ್ಲಿ. ಸಿಂಹಿಣಿ ತಿರುಗಿ ನೋಡಿತು. "ಬ್ಯಾಟಿ ಆಡಾಕ ನಾ, ಮೊದಲ ಉಣ್ಣಾಕ ನೀ," ಅಂದರು ಸಣ್ಣ ದನಿಯಲ್ಲಿ. ನಗು ತಡೆದುಕೊಂಡ ಮಕ್ಕಳ ಹೊಟ್ಟೆಗಳು ಕತ್ತಲಲ್ಲಿ ಕುಲುಕುತ್ತಿದ್ದುದು ನನಗೆ ಬೆಂಚಿನ ಅಲುಗಾಟದಿಂದಲೇ ತಿಳಿಯುತ್ತಿತ್ತು. ಸಿಂಹಿಣಿ ನೆಗೆಯುವ ಹೊತ್ತಿಗೆ ಚಿತ್ರ ನಿಲ್ಲಿಸಿದರು. "ಮುಂದ ಏನಾಕ್ಕೈತಿ? ಯಾಕ ಆಕ್ಕೈತಿ? ಹೇಳಿದ್ರನ ಮುಂದ ಬಿಡಾಂವ." ಹತ್ತಾರು ಕೈ ಎದ್ದವು.

ಅಷ್ಟು ನಗಿಸುವವರು ಒಂದು ವಿಷಯದಲ್ಲಿ ಮಾತ್ರ ಕಟುವಾಗಿದ್ದರು. "ಚಿತ್ರ ಓಡೂಮುಂದ ಬಾಯಿ ಓಡಬಾರದು" ಎಂಬುದು ಅವರ ಕಾಯ್ದೆ. ಮಾತಾಡಿದವರು ಹೊರಗೆ. ನಾನಿದ್ದ ದಿನವೂ ಇಬ್ಬರು ಹುಡುಗಿಯರು ಜಗಲಿಯ ಮೇಲೆ ನಿಂತು ದೂರದ ಹಡಗು ನೋಡುತ್ತಿದ್ದರು. ಕಿಟಕಿಗೆ ಮುಖ ಹಚ್ಚಿದರೂ ಅವರಿಗೆ ತಾಡಪತ್ರಿ ಬಿಟ್ಟರೆ ಏನೂ ಕಾಣುವಂತಿರಲಿಲ್ಲ. ಪಾಪ ಅನ್ನಿಸಿ ಆಮೇಲೆ ಕೇಳಿದೆ.

"ಸಿನಿಮಾ ಅಂತ ತಿಳಕೋತಾವ್ರಿ ಬಾಯಾರ," ಅಂದರು. "ಶಿಸ್ತು ಸಡ್ಲ ಬಿಟ್ರ ಸಂತಿ ಆಕ್ಕೈತಿ."

ಅವರು ಬೇರೆಲ್ಲ ವಿಷಯದಲ್ಲೂ ಮೆತ್ತಗಿನ ಮನುಷ್ಯ. ಮಳೆಗಾಲದಲ್ಲಿ ನಮ್ಮ ಮೆಟ್ಟಿಲ ಮೇಲೆ ಬಸವನಹುಳು ಏರುತ್ತಿದ್ದರೆ ಪಕ್ಕದಲ್ಲಿ ನಿಂತು ಹತ್ತಿಳಿಯುವವರನ್ನೆಲ್ಲ ತಡೆಯುತ್ತಿದ್ದರು. "ತಡೀರಿ, ಅದಕ್ಕೂ ಎಲ್ಲೋ ಹೋಗೂದೈತಿ." ಯೋಚನೆ ಹತ್ತಿದರೆ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುವುದು ರೂಢಿ. ಒರೆಸಿದ ಮೇಲೆ ಕನ್ನಡಕ ಇನ್ನಷ್ಟು ಮಬ್ಬಾಗುತ್ತಿತ್ತು. ಮಕ್ಕಳಿಗೆ ಮೇಲಿಂದ ಮೇಲೆ ಒಂದು ಮಾತು ಹೇಳುತ್ತಿದ್ದರಂತೆ: ಗೊತ್ತಿಲ್ಲದ್ದು ತಪ್ಪಲ್ಲ, ಕೇಳದಿದ್ದದ್ದು ತಪ್ಪು.

ಒಂದು ಸಂಜೆ ಮಳೆ ಜೋರಾಗಿತ್ತು. ನಮ್ಮ ಬಾಗಿಲಿಗೆ ಬಂದು ನಿಂತರು. ಕೊಡೆ ಕೈಯಲ್ಲಿದ್ದರೂ ತೊಯ್ದಿದ್ದರು. ಒಳಗೆ ಕರೆದು ಚಹಾ ಕೊಟ್ಟೆ. ಕಪ್ಪನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು.

"ವಕೀಲ ಬಾಯಾರ, ಕೊಲಿ ಅಂದ್ರ ಎಷ್ಟು ನಮೂನಿ ಇರತಾವ್ರಿ?"

"ಯಾಕ್ರೀ ಸರ್, ಯಾರನ್ನರ ಮುಗಸಬೇಕಂತ ಮಾಡೀರೇನು?" ಎಂದು ನಕ್ಕೆ. ಅವರು ನಗಲಿಲ್ಲ.

ನಾನು ಮನೆಪತ್ರ, ಬಾಡಿಗೆ ಕರಾರುಗಳ ವಕೀಲೆ. ಕ್ರಿಮಿನಲ್ ಕೋರ್ಟಿನ ಕಡೆ ಹೋಗುವುದು ಕಡಿಮೆ. ಆದರೂ ಓದಿದ್ದನ್ನು ನೆನಪು ಮಾಡಿಕೊಂಡು ಹೇಳಿದೆ. ಸತ್ತವನು ಹೇಗೆ ಸತ್ತ ಎಂಬುದರಷ್ಟೇ, ಸಾಯಲು ಕಾರಣನಾದವನ ಮನಸ್ಸಿನಲ್ಲಿ ಏನಿತ್ತು ಎಂಬುದೂ ಕಾನೂನಿಗೆ ಬೇಕು. ಕೊಲ್ಲಬೇಕೆಂದೇ ಕೊಂದರೆ ಅದು ಕೊಲೆ. ಆಗಿನ್ನೂ ಹಳೆಯ ದಂಡ ಸಂಹಿತೆ ಇತ್ತು, ಜನ ‘ಮುನ್ನೂರಾ ಎರಡು’ ಅನ್ನುತ್ತಿದ್ದುದು ಅದರ ಕಲಮಿಗೆ. ಕೊಲ್ಲುವ ಇರಾದೆ ಇರಲಿಲ್ಲ, ಆದರೆ ತಾನು ಮಾಡುತ್ತಿರುವುದರಿಂದ ಒಂದು ಜೀವ ಹೋಗಬಹುದೆಂದು ಗೊತ್ತಿತ್ತು, ಗೊತ್ತಿದ್ದೂ ಮಾಡಿದ ಎಂದಾದರೆ ಅದು ಕೊಲೆಯಲ್ಲದ ನರಹತ್ಯೆ, ಮುನ್ನೂರಾ ನಾಲ್ಕು. ಹತ್ತು ವರ್ಷದವರೆಗೂ ಜೈಲಾಗಬಹುದು. ಅವನಿಗೆ ಹಾಗೆ ಗೊತ್ತಿರಲಿಲ್ಲ, ಬರೀ ಬೇಜವಾಬ್ದಾರಿ ಮಾಡಿದ ಎಂದಾದರೆ ಅದೇ ಸಂಖ್ಯೆಯ ಮುಂದೆ ಒಂದು ‘ಎ’ ಬೀಳುತ್ತದೆ, ಹೆಚ್ಚೆಂದರೆ ಎರಡು ವರ್ಷ. ಈಗ ಹೊಸ ಸಂಹಿತೆ ಬಂದು ಸಂಖ್ಯೆಗಳೆಲ್ಲ ಬದಲಾಗಿವೆ, ಶಿಕ್ಷೆಯ ಲೆಕ್ಕವೂ ಅಷ್ಟಿಷ್ಟು ಬದಲಾಗಿದೆ. ತರ್ಕ ಮಾತ್ರ ಅದೇ ಇದೆ.

ಅವರು ಬೆರಳು ಮಡಚುತ್ತ ಕೇಳಿಸಿಕೊಂಡರು. ತರಗತಿಯಲ್ಲಿ ಪ್ರಾಣಿಗಳನ್ನು ವರ್ಗ ಮಾಡಿ ಕಲಿಸುವವರು, ತಕ್ಷಣ ಹಿಡಿದರು.

"ಅಂದ್ರ ಕಡೀ ಎರಡರ ನಡುವ ಇರೂದು ಒಂದ ಗೆರಿ. ಗೊತ್ತಿತ್ತೋ, ಗೊತ್ತಿರಲಿಲ್ಲೋ."

"ಹೌದ್ರಿ."

"ಅವಗ ಗೊತ್ತಿತ್ತು ಅಂತ ಕೋರ್ಟಿಗೆ ಹೆಂಗ ಗೊತ್ತಾಕ್ಕೈತ್ರಿ?"

"ಅಂವಾ ಏನು ಮಾಡಿದ, ಏನಂದ, ಮೊದಲ ಯಾರರ ಅವಗ ಹೇಳಿದ್ರೇನು, ಎಲ್ಲಾ ನೋಡತಾರ."

"ಶಾಲ್ಯಾಗ ಕಲಿಸಿದ್ರ?"

ಅವರು ಕೇಳುತ್ತಿರುವುದು ನಿಜವಾದ ಪ್ರಕರಣವೊಂದರ ಬಗ್ಗೆ ಎಂದು ನನಗೆ ಹೊಳೆಯಿತು. ಆಗ ಅವರೇ ಹೇಳಿದರು.

ಸಾಂಕೋಲೆಯ ಕಡೆ ಒಂದು ಸಣ್ಣ ಕಾರ್ಖಾನೆ. ಹೊಲಸು ನೀರು ಕೂಡುವ ನೆಲದೊಳಗಿನ ಟಾಕಿಯನ್ನು ತೊಳೆಸುವ ಕೆಲಸ ನಡೆದಿತ್ತು. ತೊಳೆಸುತ್ತಿದ್ದ ಗುತ್ತಿಗೆಯ ಸುಪರ್‌ವೈಸರ್ ಮಹಾಂತೇಶ. ಮೊದಲು ಇಳಿದ ಆಳು ಅರ್ಧಕ್ಕೇ ಮೇಲೆ ಬಂದು ತಲೆ ತಿರುಗುತ್ತದೆ, ಉಸಿರು ಕಟ್ಟುತ್ತದೆ ಎಂದು ವಾಂತಿ ಮಾಡಿಕೊಂಡ. ಮಹಾಂತೇಶ ಎರಡನೆಯವನನ್ನು ಇಳಿಸಿದ. ಅವನು ಮೇಲೆ ಬರಲಿಲ್ಲ. ಅವನ ಹೆಸರು ಹಣಮಂತ. ಮಹಾಂತೇಶ, ಹಣಮಂತ ಇಬ್ಬರೂ ಸಡಾದವರು, ಇಬ್ಬರೂ ಒಂದೇ ವರ್ಷ ಮಾಸ್ತರರ ತರಗತಿಯಲ್ಲಿ ಕುಳಿತವರು. ಪೊಲೀಸರು ಸದ್ಯಕ್ಕೆ ಬೇಜವಾಬ್ದಾರಿಯ ಕಲಮು ಹಾಕಿದ್ದರು.

"ಮಣ್ಣಿಗೆ ಹೋಗಿದ್ದೆ," ಅಂದರು. "ಹಣಮಂತನ ಅವ್ವ ಶಾಂತವ್ವ ನನ್ನ ನೋಡಿ ಎದ್ದು ಬಂದಳ್ರಿ. ‘ಸರ್ರ, ನನ್ನ ಮಗಾ ನಿಮ್ಮ ಕೈಯಾಗ ಕಲತಾಂವ. ಅವಗ ಇಷ್ಟರ ಗೊತ್ತಿರಲಿಲ್ಲೇನ್ರಿ?’ ಅಂದಳು."

"ನೀವೇನಂದ್ರಿ?"

"ಏನೂ ಅನ್ನಲಿಲ್ಲ. ಮನಿಗೆ ಬಂದ ಮ್ಯಾಲ ನೆನಪಾತು." ಅವರು ಕನ್ನಡಕ ತೆಗೆದರು. "ನಾ ಆ ಪಾಠ ಮಾಡೇನ್ರಿ ಬಾಯಾರ. ಹಾಳ ಬಾವ್ಯಾಗ ಇಳಿಯೂ ಮೊದಲ ಕಂದೀಲಾ ಬಿಡತಾರ, ಅರ್ಧಕ್ಕ ಹೋಗೂದ್ರಾಗ ಅದು ಆರತೈತಿ. ಅಂಥಾದ್ದೊಂದು ಚಿತ್ರ ತೋರಿಸಿದ್ದೆ. ಆರೂಮುಂದ ನಿಲ್ಲಿಸಿ ಕೇಳಿದೆ, ಯಾಕ ಆರತೈತಿ ಅಂತ. ಮಹಾಂತೇಶ ಎದ್ದು ಹೇಳಿದ. ‘ತಳದಾಗ ಕೆಟ್ಟ ಗಾಳಿ ಕುಂತಿರತೈತ್ರಿ, ಮನಷ್ಯಾ ಇಳದ್ರೂ ಹಂಗ ಆರತಾನ.’ ಎಷ್ಟು ಚಂದ ಹೇಳಿದ. ಬೆನ್ನ ಚಪ್ಪರಿಸಿದ್ದೆ."

"ಹಂಗಾದ್ರ ಹಣಮಂತಗೂ ಗೊತ್ತಿರಬೇಕಲ್ರಿ."

"ಅಷ್ಟೊತ್ತಿಗೆ ಅಂವಾ ಒಳಗಿರಲಿಲ್ಲ." ಕನ್ನಡಕವನ್ನು ಅಂಗಿಯ ಚುಂಗಿನಿಂದ ಒರೆಸಿದರು. "ಗದ್ದಲಾ ಮಾಡಿದ ಅಂತ ಹೊರಗ ಕಳಿಸಿದ್ದೆ."

ಹೊರಗೆ ಮಳೆ ಸುರಿಯುತ್ತಿತ್ತು. ನಾನು ಏನಾದರೂ ಸಮಾಧಾನ ಹೇಳಬೇಕಿತ್ತು. ಅಷ್ಟರಲ್ಲಿ ಅವರೇ ಎದ್ದು ನಿಂತರು.

"ಇನ್ನೊಂದು ಕೇಳತೇನಿ. ತಿಳಿಸಬೇಕಾದಾಂವ ತಿಳಿಸದ ಬಿಟ್ರ, ಅದಕ್ಕ ಯಾವ ಕಲಮ್ರಿ?"

"ಅದಕ್ಕ ಕಲಮು ಇಲ್ರಿ ಸರ್."

"ಕಲಮು ಇಲ್ಲಂದ್ರ ಜಾಮೀನೂ ಇಲ್ಲ ಅಂದಂಗಾತು," ಎಂದು ಕೊಡೆಯನ್ನು ನಮ್ಮಲ್ಲೇ ಮರೆತು ಇಳಿದು ಹೋದರು. ಚಹಾ ಕುಡಿದೇ ಇರಲಿಲ್ಲ.

ಜಾಮೀನಿನ ಮೇಲೆ ಹೊರಬಂದ ಮಹಾಂತೇಶ ಕೆಲ ದಿನಗಳಲ್ಲಿ ಅವರ ಮನೆಗೆ ಬಂದ. ಬಾಗಿಲಲ್ಲೇ ಕಾಲಿಗೆ ಬಿದ್ದನಂತೆ. ಮಾಸ್ತರರು ಅವನನ್ನು ಎಬ್ಬಿಸಿ ಕೂರಿಸಿ, ನೀರು ಕೊಟ್ಟು, ನೇರವಾಗಿಯೇ ಕೇಳಿದರಂತೆ. "ಕಂದೀಲಿನ ಪಾಠ ನೆನಪೈತೇನಪಾ?"

ಅವನು ಗ್ಲಾಸನ್ನು ಕೆಳಗಿಟ್ಟ. "ಎಷ್ಟ ವರ್ಷಾದ್ವು ಸರ್. ಇಲ್ರಿ."

"ಖರೇ ಇಲ್ಲ?"

"ಇಲ್ರಿ."

ಆಮೇಲೆ ಅದನ್ನು ನನಗೆ ಹೇಳುವಾಗ ಮಾಸ್ತರರ ಮುಖದಲ್ಲಿ ಸಿಟ್ಟಿರಲಿಲ್ಲ. "ಅಂವಾ ಸುಳ್ಳ ಹೇಳಿದ್ರ ನಾ ಕಲಿಸಿದ್ದು ಹೊಲಸಾತು. ಖರೇ ಹೇಳಿದ್ರ ಕಲಿಸಿದ್ದ ಅವನ ತಲ್ಯಾಗ ಉಳೀಲೇ ಇಲ್ಲ. ಎರಡರಾಗ ಯಾವದು ಚಲೋ ಅಂತ ಹುಡುಕಾಕತ್ತೇನ್ರಿ," ಅಂದರು.

ಸಾಕ್ಷಿ ಹೇಳಲು ಅವರನ್ನು ಯಾರೂ ಕರೆದಿರಲಿಲ್ಲ. ಕರೆಯುವವರೂ ಇರಲಿಲ್ಲ. ತಾವಾಗಿಯೇ ಠಾಣೆಗೆ ಹೋದರು. ಎಂದೋ ಶಾಲೆಯಲ್ಲಿ ತೋರಿಸಿದ ಚಿತ್ರಕ್ಕೂ ಈ ಪ್ರಕರಣಕ್ಕೂ ಏನು ಸಂಬಂಧ ಎಂದು ಅಲ್ಲಿಯವರು ಮೊದಲು ವಾಪಸು ಕಳಿಸಿದರು. ಮತ್ತೆ ಹೋದರು. ಅಷ್ಟರಲ್ಲಿ ಮೊದಲು ಟಾಕಿಗೆ ಇಳಿದಿದ್ದ ಆಳು ತನ್ನ ಹೇಳಿಕೆ ಕೊಟ್ಟಿದ್ದ. ಬೇಜವಾಬ್ದಾರಿಯ ಕಲಮು ಹೋಗಿ ನರಹತ್ಯೆಯ ಕಲಮು ಬಂತು, ಕೇಸು ಮಡಗಾಂವದ ಸೆಷನ್ಸ್ ಕೋರ್ಟಿಗೆ ಹೋಯಿತು, ಮಾಸ್ತರರ ಹೆಸರು ಸಾಕ್ಷಿಗಳಲ್ಲಿ ಸೇರಿತು. ಸಡಾದಲ್ಲಿ ಕೆಲವರು ಅವರೊಂದಿಗೆ ಮಾತು ಬಿಟ್ಟರು. ಸತ್ತವನಂತೂ ಸತ್ತ, ಇದ್ದವನ ಬಾಳನ್ನೂ ಮಾಸ್ತರ ಹಾಳು ಮಾಡುತ್ತಾನೆ ಎಂದು ಮಹಾಂತೇಶನ ಮನೆಯವರು ಶಾಲೆಯ ಮುಂದೆಯೇ ಬಂದು ಬೈದರು. ಅವರು ತಲೆ ತಗ್ಗಿಸಿ ನಿಂತು ಕೇಳಿದರಂತೆ.

ಸಾಕ್ಷಿಯ ದಿನ ನನ್ನನ್ನು ಜೊತೆಗೆ ಬರಲು ಕೇಳಿದರು. "ನೀವೇನೂ ಮಾತಾಡೂದು ಬ್ಯಾಡ್ರಿ. ಬಾಜೂಕ ಒಬ್ಬರಿರಲಿ." ಬಸ್ಸಿನಲ್ಲಿ ಇಡೀ ದಾರಿ ಅವರು ಹೊರಗೆ ನೋಡುತ್ತ ಕುಳಿತಿದ್ದರು. ಸಾಂಕೋಲೆಯ ಕಾರ್ಖಾನೆಗಳಿರುವ ಜುವಾರಿನಗರ ದಾಟುವಾಗ ಮಾತ್ರ ಕಣ್ಣು ಮುಚ್ಚಿಕೊಂಡರು.

ಕೋರ್ಟಿನಲ್ಲಿ ಶಾಂತವ್ವ ಹಿಂದಿನ ಬೆಂಚಿನಲ್ಲಿದ್ದಳು. ಮಹಾಂತೇಶ ಕೈಕಟ್ಟಿ ನಿಂತಿದ್ದ. ಸರ್ಕಾರಿ ವಕೀಲರು ಕೇಳಿದ್ದಕ್ಕೆಲ್ಲ ಮಾಸ್ತರರು ತಮ್ಮ ಒರಟು ಹಿಂದಿಯಲ್ಲಿ ಸರಿಯಾಗಿಯೇ ಉತ್ತರಿಸಿದರು. ಯಾವ ಚಿತ್ರ, ಏನು ಕೇಳಿದೆ, ಆರೋಪಿ ಏನು ಹೇಳಿದ, ಎಲ್ಲ. ಆಮೇಲೆ ಮಹಾಂತೇಶನ ವಕೀಲರು ಎದ್ದರು. ಚುರುಕು ಮನುಷ್ಯ. ಇಷ್ಟು ವರ್ಷಗಳಲ್ಲಿ ಎಷ್ಟೋ ಚಿತ್ರ ತೋರಿಸಿರಬೇಕಲ್ಲ, ಇದೊಂದೇ ಹೇಗೆ ನೆನಪು ಎಂದು ಕೆಣಕಿದರು. ಆಮೇಲೆ ದನಿ ಇಳಿಸಿ, ಬಹಳ ವಿನಯದಿಂದ ಕೇಳಿದರು.

"ಮಾಸ್ತರರೇ, ತೀರಿಕೊಂಡ ಹಣಮಂತನೂ ಅದೇ ತರಗತಿಯವನಲ್ಲವೇ?"

"ಹೌದು."

"ಹಾಗಾದರೆ ನೀವು ಕಲಿಸಿದ್ದು ನನ್ನ ಕಕ್ಷಿದಾರನಿಗೆ ಎಷ್ಟು ಗೊತ್ತಿತ್ತೋ ಅವನಿಗೂ ಅಷ್ಟೇ ಗೊತ್ತಿತ್ತು. ಅಪಾಯ ತಿಳಿದೇ ಅವನು ತಾನಾಗಿ ಇಳಿದ. ಸರಿಯೇ?"

ಮಾಸ್ತರರು ಅಲ್ಲಿಯವರೆಗೆ ಆಡುತ್ತಿದ್ದ ಹಿಂದಿ ನಿಂತುಹೋಯಿತು. ಕಟಕಟೆಯ ಕಟ್ಟಿಗೆಯನ್ನು ಹಿಡಿದುಕೊಂಡು ಕನ್ನಡದಲ್ಲಿ ಹೇಳಿದರು.

"ಅಂವಾ ಆ ಚಿತ್ರ ಪೂರಾ ನೋಡಿಲ್ರಿ. ಅವತ್ತ ಅಂವಾ ಹೊರಗ ನಿಂತಿದ್ದ. ನಾನ ನಿಲ್ಲಿಸಿದ್ದೆ."

ನ್ಯಾಯಾಧೀಶರು ತಲೆ ಎತ್ತಿದರು. ಕನ್ನಡ ಬಲ್ಲವರು ಯಾರಿದ್ದಾರೆ ಎಂದು ಕೇಳಿದರು. ಕರಿಕೋಟು ಹಾಕಿದವರಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ, ಎದ್ದು ನಿಂತೆ. ಅನುವಾದ ಮಾಡುವಾಗ ಸಾಕ್ಷಿಯ ಮಾತನ್ನು ಸಾಕ್ಷಿಯಂತೆಯೇ ಹೇಳಬೇಕು. ‘ಅವರು ನಿಲ್ಲಿಸಿದ್ದರಂತೆ’ ಅನ್ನುವ ಹಾಗಿಲ್ಲ. ‘ಅವನನ್ನು ನಾನೇ ಹೊರಗೆ ನಿಲ್ಲಿಸಿದ್ದೆ’ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಹಿಂದಿನ ಬೆಂಚಿನಿಂದ ಸಣ್ಣ ಸದ್ದೊಂದು ಬಂತು. ನ್ಯಾಯಾಧೀಶರಿಗೆ ತಿಳಿಯುವ ಮೊದಲೇ ಶಾಂತವ್ವನಿಗೆ ತಿಳಿದಿತ್ತು.

"ಯಾಕೆ ನಿಲ್ಲಿಸಿದಿರಿ?" ವಕೀಲರು ಕೇಳಿದರು. ಕೇಳಬಾರದಿತ್ತೆಂದು ಅವರಿಗೇ ಅನಿಸಿರಬೇಕು, ದನಿ ಅರ್ಧಕ್ಕೇ ಕುಗ್ಗಿತು.

"ಮಾತಾಡಿದ್ದಕ್ಕ," ಅಂದರು ಮಾಸ್ತರರು. ಅದನ್ನೂ ಅನುವಾದಿಸಿದೆ.

ಹೊರಗೆ ಕೋರ್ಟಿನ ಪಡಸಾಲೆಯಲ್ಲಿ ಜನ ಓಡಾಡುತ್ತಿದ್ದರು. ಶಾಂತವ್ವ ಒಂದು ಕಂಬದ ಪಕ್ಕ ನಿಂತಿದ್ದಳು. ಮಾಸ್ತರರು ಅವಳ ಕಡೆಗೇ ನಡೆದರು. ಅವಳು ಚೀರಾಡುತ್ತಾಳೆಂದು ನಾನು ಹೆದರಿದ್ದೆ. ಅವಳು ಸೆರಗನ್ನು ಬಾಯಿಗೆ ಹಿಡಿದು ಅವರನ್ನೇ ನೋಡಿದಳು.

"ಏನು ಮಾತಾಡಿದ್ದ ಸರ್ರ, ಅಂವಾ?"

ನನ್ನೆದುರು ಅವರು ‘ಗದ್ದಲ’ ಅಂದಿದ್ದರು. ಕೋರ್ಟಿನಲ್ಲಿ ‘ಮಾತು’ ಅಂದಿದ್ದರು. ಅವಳೆದುರು ಎರಡೂ ನಡೆಯಲಿಲ್ಲ.

"ಚಿತ್ರ ಓಡೂಮುಂದ ಎದ್ದು ನಿಂತು ಕೇಳಿದ್ನವ್ವಾ," ಅಂದರು. "‘ಸರ್, ಗಟಾರದ ಟಾಕ್ಯಾಗೂ ಹಿಂಗ ಗಾಳಿ ಇರತೈತೇನ್ರಿ? ನಮ್ಮಪ್ಪ ಇಳೀತಾನ್ರಿ’ ಅಂತ. ಬಾಜೂದವ್ರು ನಕ್ಕರು. ನನಗ ಸಿಟ್ಟ ಬಂತು. ಉತ್ತರಾ ಕೊಡಲಿಲ್ಲ. ಹೊರಗ ನಡಿ ಅಂದೆ."

ಶಾಂತವ್ವ ಸೆರಗು ಬಿಗಿದುಕೊಂಡು, ಜನರ ನಡುವೆ ದಾರಿ ಮಾಡಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದುಹೋದಳು. ಅವಳ ಹಿಂದೆ ಹೋಗಲು ಮಾಸ್ತರರು ಎರಡು ಹೆಜ್ಜೆ ಇಟ್ಟು ನಿಂತರು. ವಾಪಸು ಬರುವಾಗ ಬಸ್ಸಿನಲ್ಲಿ ಸೀಟಿದ್ದರೂ ಅವರು ವಾಸ್ಕೋದವರೆಗೂ ನಿಂತೇ ಬಂದರು.

ತೀರ್ಪು ಬರಲು ಮತ್ತಷ್ಟು ಕಾಲ ಹಿಡಿಯಿತು. ಮೊದಲ ಆಳು ತಲೆಸುತ್ತಿ ಮೇಲೆ ಬಂದದ್ದನ್ನು ಕಣ್ಣಾರೆ ಕಂಡ ಮೇಲೂ ಇನ್ನೊಬ್ಬನನ್ನು ಇಳಿಸಿದ್ದರಿಂದ ಆರೋಪಿಗೆ ಅಪಾಯದ ಅರಿವಿತ್ತು ಎಂದು ಕೋರ್ಟು ಹೇಳಿತು. ಕೊಲೆಯಲ್ಲದ ನರಹತ್ಯೆಗೆ ಶಿಕ್ಷೆಯಾಯಿತು. ತೀರ್ಪನ್ನು ನಾನೇ ತರಿಸಿ ಓದಿದೆ. ಮಾಸ್ತರರ ಬಗ್ಗೆ ಅದರಲ್ಲಿ ಒಂದೇ ವಾಕ್ಯವಿತ್ತು: ಬಾಲ್ಯದ ಪಾಠವೊಂದರ ಬಗೆಗಿನ ಈ ಸಾಕ್ಷ್ಯವನ್ನು ನೆಚ್ಚುವ ಅಗತ್ಯ ಕಂಡುಬರುವುದಿಲ್ಲ. ಅದನ್ನು ಓದಿ ಹೇಳಿದಾಗ ಅವರಿಗೆ ಸ್ವಲ್ಪ ಹಗುರಾದೀತು ಎಂದುಕೊಂಡಿದ್ದೆ. ನಿಮ್ಮ ಮಾತಿನಿಂದ ಅವನು ಜೈಲಿಗೆ ಹೋಗಲಿಲ್ಲ ಸರ್, ಅಂದೆ.

"ಅಂದ್ರ ನಾ ಹೋಗಲಿಲ್ಲಂದ್ರೂ ನಡೀತಿತ್ತು," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಇಲ್ರಿ, ಆಕಿ ಕೇಳಿದ್ದಳಲ್ಲ. ಆಕೀಗರ ಉತ್ತರಾ ಕೊಡಬೇಕಾಗಿತ್ತು."

ಮಹಾಂತೇಶನನ್ನು ನೋಡಲು ಜೈಲಿಗೆ ಹೋಗುತ್ತಿದ್ದರು. ಮೊದಲ ಸಲ ಅವನು ಭೇಟಿ ಬೇಡವೆಂದು ಹೇಳಿ ಕಳಿಸಿದ. ಇನ್ನೊಮ್ಮೆ ಹೋದಾಗ ಬಂದು ಕುಳಿತ. ಎದ್ದು ಹೋಗುವ ಮುನ್ನ ಅವನು "ನೆನಪಿತ್ರಿ ಸರ್" ಅಂದನಂತೆ. ಇದನ್ನು ಹೇಳುವಾಗ ಮಾಸ್ತರರು ಅತ್ತರು. ಅವರು ಅತ್ತದ್ದನ್ನು ನಾನು ಕಂಡದ್ದು ಆ ಒಂದೇ ಸಲ.

ಶಾಲೆಯಲ್ಲಿ ಕಡೆಯ ವರ್ಷಗಳಲ್ಲಿ ಅವರು ತಾಡಪತ್ರಿ ಕಟ್ಟುತ್ತಿರಲಿಲ್ಲ. ಹಗಲ ಬೆಳಕಿನಲ್ಲಿ ಗೋಡೆಯ ಮೇಲೆ ಚಿತ್ರ ಅರೆಬರೆ ಕಾಣುತ್ತಿತ್ತು. ಮಕ್ಕಳು ಬಾಯಿಬಿಟ್ಟು ಕೇಳುತ್ತಿದ್ದರು, ಕೇಳಿದಾಗಲೆಲ್ಲ ಚಿತ್ರ ನಿಲ್ಲುತ್ತಿತ್ತು, ಎಷ್ಟೋ ಚಿತ್ರಗಳು ಮುಗಿಯುತ್ತಲೇ ಇರಲಿಲ್ಲ. ಅವರ ಕೈಕೆಳಗಿನ ಹೊಸ ಶಿಕ್ಷಕಿ ಒಮ್ಮೆ ನನ್ನೆದುರು ಗೊಣಗಿದರು, ಸರ್ ತರಗತಿ ಈಗ ಬರೀ ಗಲಾಟೆ ಎಂದು. ಸಿಂಹಗಳು ಮಾತ್ರ ಆಮೇಲೆ ಮಾತಾಡಲಿಲ್ಲ. ನಿವೃತ್ತರಾಗಿ ಬೆಳಗಾವಿಗೆ ಮಗಳ ಮನೆಗೆ ಹೋದರು. ಹಬ್ಬಕ್ಕೆ ಫೋನ್ ಮಾಡುತ್ತಿದ್ದರು. ಹಳೆಯ ವಿಷಯ ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ.

ಹೋದ ತಿಂಗಳು ಅವರ ಮಗಳು ಫೋನ್ ಮಾಡಿದಳು. ಅಪ್ಪ ನಿದ್ದೆಯಲ್ಲೇ ಹೋದರು ಅಂದಳು. ಯಾರಿಗೆಲ್ಲ ಹೇಳಬೇಕು ಎಂದು ಯೋಚಿಸಿದಾಗ ನನಗೆ ಮೊದಲು ನೆನಪಾದದ್ದು ಶಾಂತವ್ವ. ಹೇಳಬೇಕೋ ಬೇಡವೋ ಎಂದು ಎರಡು ಮನಸ್ಸಿನಲ್ಲೇ ಇದ್ದು ಮೊನ್ನೆ ಭಾನುವಾರ ಸಡಾಕ್ಕೆ ಹೋದೆ. ಅವಳು ಮನೆಯ ಮುಂದೆ ಕುಳಿತು ಅಕ್ಕಿ ಆರಿಸುತ್ತಿದ್ದಳು. ಗುರುತು ಹಿಡಿದಳು. ವಿಷಯ ಹೇಳಿದೆ. ಕೈ ನಿಂತಿತು.

"ಅದಕ್ಕ ಈ ವರ್ಷ ಬರಲಿಲ್ಲ," ಅಂದಳು.

ನನಗೆ ಅರ್ಥವಾಗಲಿಲ್ಲ. ಅವಳೇ ಹೇಳಿದಳು. ಹಣಮಂತ ತೀರಿಕೊಂಡ ದಿನ ಪ್ರತಿ ವರ್ಷವೂ ಅವರು ಬರುತ್ತಿದ್ದರಂತೆ. ಬೆಳಗಾವಿಗೆ ಹೋದ ಮೇಲೂ ಬಿಟ್ಟಿರಲಿಲ್ಲವಂತೆ. ಮೊದಲ ವರ್ಷ ಅವಳು ಬಾಗಿಲು ತೆಗೆಯಲಿಲ್ಲ. ಅವರು ಹೊರಗೇ ನಿಂತು ಹೋದರು. ಮುಂದಿನ ವರ್ಷ ಒಳಗೆ ಕರೆದಳು.

"ಚಾ ಕೊಡತಿದ್ದೆ. ಕುಡೀತಿದ್ರು. ಹಣಮಂತ ಸಣ್ಣಾಂವಿದ್ದಾಗಿಂದು ಏನರ ಒಂದು ಹೇಳು ಅಂತಿದ್ರು. ನಾ ಹೇಳತಿದ್ದೆ, ಅವರು ಕೇಳತಿದ್ರು. ನಡುವ ಒಂದ ಮಾತ ಆಡತಿರಲಿಲ್ಲ."

"ಮಾಫಿ ಕೇಳಿದ್ರೇನವ್ವಾ, ಯಾವಾಗರ?"

ಅವಳು ಮೊರದಲ್ಲಿಂದ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದಳು.

"ಇಲ್ಲ. ಕೇಳಿದ್ರ ನಾ ಕೊಡಬೇಕಾಗತಿತ್ರಿ. ಹಿರೀ ಮನಷ್ಯಾ, ಅಷ್ಟ ದೂರದಿಂದ ಬರಾಂವ, ಹೆಂಗ ಇಲ್ಲ ಅನ್ನಲಿ? ಅದು ಅವರಿಗೆ ಗೊತ್ತಿತ್ತು. ಅದಕ್ಕ ಕೇಳಲಿಲ್ಲ."